ನಕ್ಷೆ ನೂರಹದಿನೇಳು

ಕೂಡ್ಲೂರಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ
ನಾನು ಕಾಪಾಡಿದ್ದು ನಕ್ಷೆಗಳನ್ನು.
ಪಲ್ಪರಿನ ಡ್ರಮ್ಮು, ನಂಬರು ನೂರಹದಿನೇಳು,
ತಿದ್ದುಪಡಿ ಐದು. ಸರಿಯಾದ ಹಾಳೆ ಸರಿಯಾದ ಕಡತದಲ್ಲಿ;
ಗೇಟು ದಾಟಿದ ಯಂತ್ರ ನನ್ನದಲ್ಲ.

ಹೊಸ ವ್ಯವಸ್ಥೆ ಕೇಳುತ್ತದೆ: ಆಮೇಲೆ?

ಆಮೇಲಿನದಕ್ಕೆ ನನ್ನಲ್ಲಿ ಖಾನೆಯೇ ಇರಲಿಲ್ಲ.
ಸುಂಟಿಕೊಪ್ಪಕ್ಕೆ ಹೋದೆ. ಫಿಟ್ಟರ್ ಮೊಯ್ದು
ಪಲ್ಪರಿನ ಪಕ್ಕದ ಮುಚ್ಚಳ ಬಿಚ್ಚಿ ತೋರಿಸಿದ:
ಬೇರಿಂಗಿನಡಿ ಸೈಕಲ್ ಟ್ಯೂಬಿನ ತುಂಡು.
"ಅರ್ಧ ಎಂಎಂ ಲೂಸು ಮೇಡಂ,
ಮೊದಲ ಕುಯ್ಲಿಂದಲೂ."
ಒಂಬತ್ತು ಕುಯ್ಲು!
ನಾವು ಕೇಳಿರಲಿಲ್ಲ, ಅವನು ಟ್ಯೂಬು ಕತ್ತರಿಸುತ್ತಲೇ ಇದ್ದ.

ರಾತ್ರಿ ಆರನೇ ತಿದ್ದುಪಡಿ ಬರೆದೆ.
ಕಾರಣ: ಟ್ಯೂಬು.
ಸೂಚಿಸಿದವರು: ಮೊಯ್ದು.
ಪರದೆ ಒಪ್ಪಲಿಲ್ಲ,
ನೌಕರರ ಪಟ್ಟಿಯಲ್ಲಿ ಆ ಹೆಸರಿಲ್ಲವಂತೆ.

ನಾಳೆ ಮೊದಲು ಪಟ್ಟಿ ತಿದ್ದಬೇಕು.