ಹನ್ನೊಂದನೆಯ ಸಹಿ

ಮತೊಜಿನ್ಯೊಶ್ ಬಂದರಿನ ಈ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ
ಇವತ್ತಿಗೆ ಹನ್ನೊಂದನೆಯ ಸಲ
ಹುಳು ಸತ್ತಿತೆಂದು ಬರೆದು ಸಹಿ ಹಾಕಿದೆ.

ಹಿಂದಿನ ಹತ್ತು ಸಲವೂ ಇದೇ ಪೆನ್ನು.

ಲೆಕ್ಕದ ಕೋಣೆ, ಸರಕು ಏರಿಸುವ ಕಟ್ಟೆ, ಲೇಬಲ್ಲಿನ ಮೇಜು,
ಒಂದೊಂದೇ ಕಂಪ್ಯೂಟರಿನ ತಂತಿ ಕಿತ್ತು, ತೊಳೆದು,
ಮತ್ತೆ ಸಾಲಿಗೆ ಕೂರಿಸುವುದು
ಮಕ್ಕಳ ತಲೆಯ ಹೇನು ಹೆಕ್ಕಿದ ಹಾಗೆ:
ಒಬ್ಬಳ ತಲೆ ಬಿಟ್ಟುಹೋಯಿತೋ
ಸೋಮವಾರ ಇಡೀ ತರಗತಿ ಕೆರೆದುಕೊಳ್ಳುತ್ತದೆ.

"ಇನ್ನೂ ಇದೆಯಾ ಅದು?" ಎನ್ನುತ್ತಾರೆ ಯಜಮಾನ ಬೆಲ್ಮಿರೊ,
ನನ್ನ ಬೆನ್ನುನೋವನ್ನು ವಿಚಾರಿಸಿದಂತೆ.

ಬರೆದವನು ಯಾರೋ. ಕೈಬಿಟ್ಟು ಹದಿನೈದು ವರ್ಷವಾಯಿತು.
ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡು
ಎಲ್ಲೋ ಒಂದು ಬ್ಯಾಂಕಿನ ಸಾಲಿನಲ್ಲಿ ನಿಂತಿರಬಹುದು.
ಇದು ಮಾತ್ರ ದಿನಕ್ಕೊಂದು ಹೊಸ ವಿಳಾಸ ಕಟ್ಟಿಕೊಂಡು
ಒಡೆಯನನ್ನು ಕೂಗುತ್ತದೆ.
ಅಪ್ಪಣೆ?
ಉತ್ತರವಿಲ್ಲ.
ಸರಿ, ಹಾಗಾದರೆ ಹರಡುತ್ತಿರುತ್ತೇನೆ.

ಬೆಳಿಗ್ಗೆ, ಮಂಜು ಕರಗುವ ಮೊದಲೇ,
ಗುರುತಿಲ್ಲದ ತಂತಿಯೊಂದರ ಬಾಲ ಹಿಡಿದು ಹೊರಟೆ.
ಗೋಡೆಯೊಳಗೆ ನುಗ್ಗಿತು. ಉಪ್ಪಿನ ಉಗ್ರಾಣ ದಾಟಿತು.
ಎಣ್ಣೆ ಪೀಪಾಯಿಗಳ ಹಿಂದೆ ಇಳಿಯಿತು.
ಅಲ್ಲಿ ಅಡೊಸಿಂಡಾ,
ಮೂವತ್ತೆರಡು ವರ್ಷದಿಂದ ಸ್ಟೂಲು ಕೂಡ ಬದಲಿಸದವಳು,
ಅವಳ ತಕ್ಕಡಿ,
ತಕ್ಕಡಿಯ ಹೊಟ್ಟೆಯಲ್ಲಿ ಬೂದುಬಣ್ಣದ ಒಂದು ಕಂಪ್ಯೂಟರು.
ನಕ್ಷೆಯಲ್ಲಿಲ್ಲ. ಯಾರ ಪಟ್ಟಿಯಲ್ಲೂ ಇಲ್ಲ.
ಮಾಡಿದ ಕಂಪನಿ ಬಾಗಿಲು ಹಾಕಿದೆ.
ತೇಪೆ ಹಾಕೋಣವೆಂದರೆ ಆ ಬಣ್ಣದ ದಾರವೇ ಈಗ ಸಿಗದು.

"ಮುಟ್ಟಬೇಡ," ಎಂದಳು,
"ಗ್ರಾಮು ತಪ್ಪದ್ದು ಇದೊಂದೇ.
ಮೇಲಿನ ಹೊಸದು ಮೀನಿಂದ ತೊಟ್ಟಿಕ್ಕುವ ನೀರನ್ನೂ ತೂಗುತ್ತೆ."

ತಂತಿ ಮಾತ್ರ ಕಿತ್ತೆ. ತಕ್ಕಡಿ ಅವಳಿಗೇ ಬಿಟ್ಟೆ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಮೇಲೆ ಬಂದು, ಕೈಯ ಎಣ್ಣೆ ತೊಳೆದು,
ದಿನಾಂಕದ ಮುಂದೆ ಬರೆದೆ:
ಹುಳು ನಾಶ. ಜುಲ್ಮಿರಾ ಪಶ್ಕ್ವಾಲ್.

ಮಸಿ ಇನ್ನೂ ಆರಿರಲಿಲ್ಲ.
ಮೆಟ್ಟಿಲ ಮೇಲೆ ರಬ್ಬರ್ ಬೂಟಿನ ಸದ್ದು.
ಅಡೊಸಿಂಡಾ. ಏದುಸಿರು.
ಏಪ್ರನ್ನಿನ ಜೇಬಿನಿಂದ ಕರವಸ್ತ್ರ,
ಕರವಸ್ತ್ರದ ಗಂಟಿನೊಳಗಿಂದ
ಅಕ್ಕನ ಮಗ ಕೊಟ್ಟ ಪೆನ್‌ಡ್ರೈವು.
"ತಂತಿ ಹೋಯಿತಲ್ಲ, ಪಾಪ, ನಿಮಗೆ ತೂಕದ ಲೆಕ್ಕ ಬೇಡವೇ?"
ನಾನು ಎದ್ದು ನಿಲ್ಲುವಷ್ಟರಲ್ಲಿ
ಲೆಕ್ಕದ ಹುಡುಗ ಥ್ಯಾಂಕ್ಸ್ ಹೇಳಿ
ಅದನ್ನು ಚುಚ್ಚಿಯೂ ಆಗಿತ್ತು.

ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.
ಬಿಟ್ಟುಬಿಟ್ಟೆ.