ಅರ್ಧ ಗೆರೆ

ನನ್ನ ಕೆಲಸ ಇಷ್ಟೇ: ಗಾಜಿನ ಡಬ್ಬಿಯೊಳಗೆ ಕೂತು
ಶನಿವಾರ ಮಧ್ಯಾಹ್ನ ಮೂರಕ್ಕೆ
ಹನ್ನೆರಡು ಸಾವಿರ ಜನರ ಕಿವಿಗೆ ಸದ್ದು ಬಡಿಸುವುದು.
ಬಡಿಯುವುದು ಅಂದರೂ ನಡೆದೀತು.

ಕ್ರೀಡಾಂಗಣ ಹೊಸದು. ಹೆದ್ದಾರಿ ಪಕ್ಕ,
ಟೈಲ್ಸ್ ಅಂಗಡಿಗೂ ಕಾರು ತೊಳೆಯುವ ಶೆಡ್ಡಿಗೂ ನಡುವೆ
ಯಾರೋ ತೊಳೆದಿಟ್ಟು ಮರೆತ ಪಾತ್ರೆ.
ಕುರ್ಚಿಗೆ ನಂಬರು, ನಂಬರಿಗೆ ಹೆಸರು, ಹೆಸರಿಗೊಂದು ಕಪ್ ಸೂಪು.
ನಾಲ್ಕು ಮೂಲೆಯೂ ತೆರೆದದ್ದು; ಲ್ಯಾಂಕಶೈರಿನ ಗಾಳಿ
ಟಿಕೆಟ್ಟಿಲ್ಲದೆ ಒಳಬಂದು, ಇದ್ದಬದ್ದ ಕೂಗನ್ನು
ಕಂಕುಳಲ್ಲಿ ಇರುಕಿಕೊಂಡು
ಆ ಕಡೆಯಿಂದ ಹೊರಟುಬಿಡುತ್ತದೆ.

ಟೆಂಟರ್ ಲೇನಿನ ಹಳೇ ಮೈದಾನಕ್ಕೆ ತಗಡಿನ ಸೂರಿತ್ತು.
ಕೆಮ್ಮಿದರೂ ಎರಡು ಸಲ ಕೇಳುತ್ತಿತ್ತು.
ಅಲ್ಲೀಗ ಸೂಪರ್‌ಮಾರ್ಕೆಟ್ಟು. ಪೆನಾಲ್ಟಿ ಚುಕ್ಕೆಯಿದ್ದಲ್ಲಿ
ಹೆಪ್ಪುಗಟ್ಟಿದ ಬಟಾಣಿ. ನಾನೂ ಅಲ್ಲೇ ಕೊಳ್ಳುತ್ತೇನೆ;
ಸುಳ್ಳೇಕೆ, ಅಗ್ಗ.

ಆಗಸ್ಟಿನಲ್ಲಿ ಸಭೆ ಕರೆದರು:
'ವಾತಾವರಣ ಸುಧಾರಣಾ ಸಮಿತಿ.' ಬಿಸ್ಕತ್ತು ಇತ್ತು.
ಆಡಳಿತದ ಫಿಲಿಪಾ ಡಕ್‌ವರ್ತ್ ಪರದೆಯ ಮೇಲೆ
ಇಳಿಯುವ ಗೆರೆಯೊಂದನ್ನು ತೋರಿಸಿದಳು:
ಬರುತ್ತಾರೆ, ಕೂರುತ್ತಾರೆ, ನೋಡುತ್ತಾರೆ, ಏಳುತ್ತಾರೆ.
ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಇದಕ್ಕಿಂತ ಗದ್ದಲ.
ಒಬ್ಬ, ಬೆಂಕಿ ಉಗುಳುವ ಕೊಳವೆ ಅಂದ.
ಇನ್ನೊಬ್ಬ, ಕುರ್ಚಿಗೊಂದು ರಟ್ಟಿನ ಚಪ್ಪಾಳೆ.
ಹದಿನೇಳರ ಕೈರನ್ ಓರ್‌ಮರಾಡ್
ಗೋಲಿನ ಹಿಂದೆ ನಿಲ್ಲಲು ಜಾಗ ಕೇಳಿದ.
ಒರಗಲು ಕಂಬಿ ಸಾಕು, ಕುರ್ಚಿ ನೀವೇ ಇಟ್ಟುಕೊಳ್ಳಿ ಅಂದ.
ಪರಿಶೀಲಿಸೋಣ ಅಂತ ಬರೆದುಕೊಂಡರು.
ಐವತ್ತೆಂಟು ವರ್ಷದಿಂದ ಒಂದು ಪಂದ್ಯ ತಪ್ಪಿಸದ ಮೇವಿಸ್ ಹ್ಯಾಸ್ಲಮ್
ಕೊನೆಗೆ ಕೈಯೆತ್ತಿ, ನನ್ನ ಕಡೆ ತಿರುಗಿ:
'ಮಗಾ, ನಾವು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ
ನಿನ್ನ ಡಬ್ಬ ಯಾಕೆ ಒದರುತ್ತೆ?'
ಎಲ್ಲರೂ ನಕ್ಕರು. ನಡಾವಳಿಯಲ್ಲಿ ಅದು ಬರಲಿಲ್ಲ.
ಬಂದದ್ದು: ಸದ್ದು ಸಾಲದು. ಹೊಸ ಸ್ಪೀಕರು, ಹದಿನಾರು.

ಬಂದವು. ಏರಿಸಿ ಕಟ್ಟಿದರು. ಆಮೇಲೆ ನಾನು
ಪ್ರತಿ ಪಂದ್ಯಕ್ಕೂ ಗುಂಡಿಯನ್ನು ಅರ್ಧ ಗೆರೆ ಇಳಿಸಿದೆ.
ಅರ್ಧವೇ. ಹಾಲಿಗೆ ನೀರು ಬೆರೆಸುವವನ ನಾಜೂಕಿನಲ್ಲಿ.

ಅಕ್ಟೋಬರಿನವರೆಗೆ ಯಾರಿಗೂ ಗೊತ್ತಾಗಲಿಲ್ಲ.
ಆಮೇಲೆ ಕುರ್ಚಿ ಮಡಚುವ ಟಪಟಪ ಕೇಳಿತು.
ಪೈ ಮಾರುವವನ ಚಿಲ್ಲರೆ.
ಚೆಂಡಿಗೆ ಕಾಲು ತಾಗುವ ಸದ್ದು, ದಿಂಬಿಗೆ ಗುದ್ದಿದ ಹಾಗೆ,
ಹತ್ತು ವರ್ಷವಾಗಿತ್ತು ಅದನ್ನು ಕೇಳಿ.
ಗೋಲ್‌ಕೀಪರು ತನ್ನವರನ್ನೇ ಬೈಯುವುದು ಆರನೇ ಸಾಲಿಗೂ ತಲುಪಿ
ಒಬ್ಬ ಅಪ್ಪ ಮಗಳ ಕಿವಿ ಮುಚ್ಚಿದ.
ಅವಳು ಆ ಕೈ ಸರಿಸಿದಳು.

ಫೆಬ್ರವರಿ. ಮಂಗಳವಾರ ರಾತ್ರಿ. ಸೊನ್ನೆ, ಎರಡು.
ಗುಂಡಿ ತಳ ಮುಟ್ಟಿತ್ತು.
ಎಂಥ ಮೌನವೆಂದರೆ
ಅದು ತನ್ನದೇ ಅಂತ ಪ್ರತಿಯೊಬ್ಬನಿಗೂ ನಾಚಿಕೆಯಾಗುವಂಥದು.
ಆಗ ಗೋಲಿನ ಹಿಂದಿನಿಂದ ಒಡೆದ ಹಂಚಿನಂಥ ದನಿ:
ನಮ್ಮ ಎಡ ಡಿಫೆಂಡರಿನ ಮೊಣಕಾಲಿನ ಬಗ್ಗೆ ಒಂದು ಸಾಲು,
ಅವನ ಅತ್ತೆಯ ಬಗ್ಗೆ
ಇಲ್ಲಿ ಬರೆಯಲಾಗದ ಮೂರು.
ಶ್ರುತಿ ಇಲ್ಲ. ತಾಳ ಅವರವರಿಗೆ ಬಿಟ್ಟದ್ದು.
ಕುರ್ಚಿ ಮೇಲೆ ನಿಂತ ಕೈರನ್‌ನನ್ನು ಕೂರಿಸಲು
ಹಳದಿ ಜಾಕೀಟಿನವ ಓಡಿಬಂದ;
ಅತ್ತೆ ಬರುವ ಹೊತ್ತಿಗೆ ಅವನ ತುಟಿಯೂ ಆಡುತ್ತಿತ್ತು.
ಮೇವಿಸ್ ಅರ್ಧ ಮಾತ್ರೆ ಹಿಂದೆ,
ಅವಳ ಹಿಂದೆ ಪೂರ್ವದ ಗ್ಯಾಲರಿ,
ಪಶ್ಚಿಮದ್ದು ಇನ್ನೂ ತಡವಾಗಿ, ಆದರೆ ದಪ್ಪಗೆ.
ಮೂಲೆಯಲ್ಲಿ ಗಾಳಿ ಎತ್ತಿ ನೋಡಿತು,
ಹೊರೆ ಕಂಕುಳಿಗೆ ಹಿಡಿಸಲಿಲ್ಲ.

ಸೋತೆವು. ಸೊನ್ನೆ, ಮೂರು.
ಬಸ್ ನಿಲ್ದಾಣದವರೆಗೂ
ಆ ಅತ್ತೆ ನಮ್ಮ ಜೊತೆಗೇ ನಡೆದು ಬಂದಳು.

ಮೇ ತಿಂಗಳಿಗೆ ವರದಿ: ಗೆರೆ ಏರಿದೆ.
ಹೊಸ ಸ್ಪೀಕರುಗಳ ಪರಿಣಾಮ ಗಣನೀಯ,
ಇನ್ನೂ ಎಂಟಕ್ಕೆ ಮಂಜೂರಾತಿ.
ಫಿಲಿಪಾ ಮೆಟ್ಟಿಲಲ್ಲಿ ಸಿಕ್ಕು ಕೈ ಕುಲುಕಿದಳು.
ನಾನು ಸ್ವಲ್ಪ ಯೋಚಿಸಿದವನ ಹಾಗೆ ಮಾಡಿ,
'ಎಂಟು ಸಾಲುತ್ತಾ?' ಅಂದೆ.