ಎರಡನೇ ನಂಬರಿನ ಕುಂಚ

ಮೊದಲು ಬಂದದ್ದು ನೀರು.
ಒಣಹಾಕಿದ ನನ್ನ ಬಿಳಿ ಅಂಗಿಯ ಭುಜದ ಮೇಲೆ
ಟಪ್ಪನೆ ಒಂದು ಹನಿ, ಚಹಾದ ಬಣ್ಣದ್ದು.
ಆಮೇಲೆ ಇನ್ನೊಂದು. ಆಮೇಲೆ ಲೆಕ್ಕವಿಲ್ಲ.
ಕತ್ತೆತ್ತಿ ನೋಡಿದರೆ
ಒಂಬತ್ತನೇ ಮಹಡಿಯ ಕಂಬಿಗೆ ಒರಗಿ
ಬಟ್ಟೆ ಒಗೆವ ಯಂತ್ರದ ಹೊಟ್ಟೆ, ಬರೀ ಹೊಟ್ಟೆ,
ಮೈತುಂಬ ತೂತು,
ತೂತಿಗೊಂದರಂತೆ ಸ್ಟ್ರಾಬೆರಿ ಎಲೆ.

ನಾಜಿಬ್ರೋಲಾ ಅವಳ ಹೆಸರು.
ವರ್ಕೆಟಿಲಿ ಮೆಟ್ರೋದಲ್ಲಿ, ಓಡುವ ಮೆಟ್ಟಿಲ ಬುಡದಲ್ಲಿ
ಗಾಜಿನ ಗೂಡೊಳಗೆ ಕೂತು
ಹತ್ತುವವರ, ಇಳಿಯುವವರ ಕಾಲು ಕಾಯುವ ಕೆಲಸ.
ಹನ್ನೆರಡು ತಾಸು ನೆಲದೊಳಗೆ.
ಉಳಿದ ಹೊತ್ತು, ನೆಲವೇ ಇಲ್ಲದ ಕಡೆ, ಬೇಸಾಯ.

ಮಣ್ಣು ತರುವುದು ಲಿಫ್ಟಿನಲ್ಲಿ.
ನಮ್ಮ ಲಿಫ್ಟು ಸುಮ್ಮನೆ ಏರುವುದಿಲ್ಲ;
ಹತ್ತು ತೆತ್ರಿಯ ನಾಣ್ಯ ನುಂಗಿದ ಮೇಲೇ
ಗಂಟಲು ಸರಿಮಾಡಿಕೊಂಡು ಹೊರಡುವ ಮುದಿ ಪೆಟ್ಟಿಗೆ.
ಅಂಗಳದ ಹಿಪ್ಪುನೇರಳೆ ಮರದಡಿಯ ಮಣ್ಣು, ಶಾಲೆಯ ಚೀಲದಲ್ಲಿ,
ಸಲಕ್ಕೆ ಐದು ಕಿಲೋ, ಸಲಕ್ಕೊಂದು ನಾಣ್ಯ.
'ಈ ಲೆಕ್ಕದಲ್ಲಿ ಟೊಮೆಟೊ ಚಿನ್ನವಾಯಿತಲ್ಲ'
ಎಂದೆ ಒಮ್ಮೆ, ಒಳಗೆ ಸಿಕ್ಕಾಗ.
'ಹತ್ತೋದಕ್ಕಷ್ಟೇ ದುಡ್ಡು,
ಇಳಿಯೋದು ಪುಕ್ಕಟೆ' ಎಂದಳು,
ನನ್ನ ಅಂಗಿಯ ಕಲೆಯನ್ನೇ ನೋಡುತ್ತ.

ದೂರು ಬರೆದೆ. ಬರೆಯುವುದೇ ನನ್ನ ಕಸುಬು:
ಅಂಗಡಿಯ ಫಲಕಗಳಿಗೆ ಅಕ್ಷರ.
ಬ್ರೆಡ್ಡು, ಔಷಧಿ, ಟೈರು ರಿಪೇರಿ.
ಬಳ್ಳಿಯ ಕುಡಿಯಂತೆ ಸುರುಳಿ ಸುತ್ತುವ ಲಿಪಿ ನಮ್ಮದು,
ಉಸಿರು ಹಿಡಿದು ತಿರುವಬೇಕು.
ಈಗ ಪ್ಲಾಸ್ಟಿಕ್ ಹಾಳೆಗೆ ಯಂತ್ರವೇ ಒತ್ತಿಬಿಡುತ್ತದೆ,
ಕೈ ಖಾಲಿ. ಹಾಗಾಗಿ ದೂರು ಬಲು ಚೆಂದ ಬಂತು.
ಅಂಚಿಗೆ ಕೆಂಪು ಗೆರೆಯೂ ಎಳೆದು
ಲಿಫ್ಟಿನ ಬಾಗಿಲಿಗೆ ಅಂಟಿಸಿದೆ.

ಮರುದಿನ ಅದು ಇರಲಿಲ್ಲ.
ಸಂಜೆ ಬಾಗಿಲು ಬಡಿದಳು.
ಕೈಯಲ್ಲಿ ನನ್ನ ದೂರು, ನಾಲ್ಕಾಗಿ ಮಡಿಸಿದ್ದು.
'ಇದರ ಬಾಲಗಳನ್ನು ಎಳೆದಿದ್ದೀರಲ್ಲ,
ಆ ಕುಂಚ ಬೇಕಿತ್ತು, ಎರಡು ದಿನದ ಮಟ್ಟಿಗೆ.'
ಯಾಕೆ?
'ಜೇನು ಒಂಬತ್ತನೇ ಮಹಡಿಗೆ ಬರೋದಿಲ್ಲ.
ಲಿಫ್ಟಿಗೆ ಹಾಕಲು ಅದರ ಹತ್ತಿರ ಚಿಲ್ಲರೆ ಎಲ್ಲಿದೆ?'

ಅಳಿಲ ಕೂದಲಿನದು, ಎರಡನೇ ನಂಬರು.
ಯಾರಿಗೂ ಮುಟ್ಟಲು ಕೊಟ್ಟವನಲ್ಲ.
ಆಗದು ಎಂದೆ.
ಬೇಕಾದರೆ ನಾನೇ ಬರುತ್ತೇನೆ ಎಂದದ್ದೂ
ನನ್ನ ಬಾಯೇ ಇರಬೇಕು.

ಬೆಳಗಿನ ಆರು. ಕುಂಬಳದ ಹೂ ಬಿರಿದಿರುವುದೇ ಅಷ್ಟು ಹೊತ್ತು.
ಬಕೆಟ್ಟು, ಮೇಜಿನಿಂದ ಕಿತ್ತ ಖಾನೆ, ಸೂರ್ಯಕಾಂತಿ ಎಣ್ಣೆಯ ತಗಡು,
ನೇರಳೆ ಕಾಮಕಸ್ತೂರಿ, ಸೋಂಪಿನ ನಾಲಿಗೆಯ ತರ್ಖೂನಾ,
ಮಗು ಮೀಯಿಸುವ ತೊಟ್ಟಿಯಲ್ಲಿ ಒಂದು ನಿಂಬೆ.
ಚಳಿಗಾಲಕ್ಕೆ ಅದು ಮಲಗುವ ಕೋಣೆಗೆ, ಅವಳು ಅಡುಗೆಮನೆಗೆ.
ಕಾಲಿಡಲು ಎರಡೇ ಹಲಗೆ.
'ಇದು ಗಂಡು, ಬರೀ ತೊಟ್ಟು. ಇದು ಹೆಣ್ಣು,
ನೋಡಿ, ಹೂವಿನ ಕೆಳಗೇ ಗೋಲಿಯಷ್ಟು ಕಾಯಿ.
ಇವತ್ತು ಬಿಟ್ಟರೆ ನಾಳೆಗೆ ಹಳದಿ.'
ನಲವತ್ತು ವರ್ಷ ಬ್ರೆಡ್ಡು ಎಂದು ಬರೆದ ಕೈ
ಹುಡಿ ಮೆತ್ತಿಕೊಂಡು
ಅದೇ ಉಸಿರು ಹಿಡಿದು
ಹೂವಿನೊಳಗೆ ಒಂದು ದುಂಡು ಅಕ್ಷರ ತಿರುವಿತು.
ಯಾವ ಅಕ್ಷರ, ಕೇಳಬೇಡಿ.

ಒಂದು ಕೊಳೆಯಿತು.
ಇನ್ನೊಂದು ಗಾಳಿಗೆ ಕಳಚಿ ಯಾರದೋ ಕಾರಿನ ಮೇಲೆ ಬಿತ್ತು;
ಅದರ ಜಗಳ ಬೇರೆ.
ಮೂರನೆಯದು ನಿಂತಿತು.
ಹೊತ್ತುಕೊಳ್ಳಲು ಮೇಲೆ ಜಾಗ ಸಾಲದೆ ಬಳ್ಳಿ
ಕಂಬಿ ದಾಟಿ, ಜೋತು ಜೋತು,
ಆಗಸ್ಟಿನ ಒಂದು ಬೆಳಗ್ಗೆ
ನನ್ನ ಅಂಗಿಗಳ ನಡುವೆ ಬಂದು ತೂಗಿತು,
ತಾನೂ ಒಂದು ಅಂಗಿಯೆಂಬಂತೆ.

ಹಳೆಯ ಬನಿಯನ್ನು ಹರಿದು ಜೋಲಿ ಕಟ್ಟಿದ್ದೇನೆ.
ಕಾಯಿ ಯಾರದು, ಇನ್ನೂ ತೀರ್ಮಾನವಾಗಿಲ್ಲ.
ನೀರು ಈಗಲೂ ತೊಟ್ಟಿಕ್ಕುತ್ತದೆ.
ಬಿಳಿ ಅಂಗಿ ಒಳಗೇ ಒಣಗುತ್ತದೆ;
ಹೊರಗೆ, ಹನಿ ಬೀಳುವಲ್ಲಿಗೆ ಸರಿಯಾಗಿ,
ಬಣ್ಣದ ಖಾಲಿ ಡಬ್ಬಿಗೆ ಮಣ್ಣು ತುಂಬಿ ಇಟ್ಟಿದ್ದೇನೆ.
ತಳಕ್ಕೆ ತೂತು ಹೊಡೆದದ್ದು
ಏಳನೇ ಮಹಡಿಯವರಿಗೆ ಇನ್ನೂ ಗೊತ್ತಿಲ್ಲ.